ಬೇವಿಲ್ಲದ ಬಾಗಿಲು

ಒಂದು ಬಾಗಿಲಿನಲ್ಲೂ ಬೇವಿನ ಸೊಪ್ಪು ಇರಲಿಲ್ಲ. ಜೋಗೇಶ್ವರಿಯ ಕಲ್ಲುಗಣಿಯ ಹಿಂದಿನ ಗುಡಿಸಲು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದ ಅಲಮೇಲು, ನಂಬಿಕೆ ಸಾಲದೆ ಮತ್ತೆ ತಿರುಗಿ ಅದೇ ದಾರಿಯಲ್ಲಿ ನಡೆದಳು. ತಗಡಿನ ಬಾಗಿಲು, ಗೋಣಿತಟ್ಟಿನ ಬಾಗಿಲು, ಹಳೆಯ ಸೀರೆ ಇಳಿಬಿಟ್ಟ ಬಾಗಿಲು, ಎಲ್ಲವೂ ಬರಿದು. ಜೊತೆಗೆ ಬಂದಿದ್ದ ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, ಈ ವರ್ಷ ಇಲ್ಲಿ ಒಂದು ಕೇಸೂ ಇಲ್ಲ ಮೇಡಂ, ಎಲ್ಲ ನಿಮ್ಮ ಕೃಪೆ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಅವನಿಗೆ ಚಹಾದ ಹೊತ್ತು ಮೀರಿತ್ತು.

ಅಲಮೇಲುವಿಗೆ ನಗು ಬರಲಿಲ್ಲ. ಅಂಧೇರಿಯ ಚಾಳುಗಳಲ್ಲಿ ಸಿಡುಬು ಕಾಣಿಸಿಕೊಂಡು ಕೆಲವು ವಾರಗಳಾಗಿದ್ದವು. ಅಲ್ಲಿಗೂ ಇಲ್ಲಿಗೂ ಕೂಲಿಯವರು ದಿನಾ ಓಡಾಡುತ್ತಿದ್ದರು. ಒಂದು ಸ್ಟೇಷನ್ ದಾಟಿ ಬರಲು ರೋಗಕ್ಕೇನು ಟಿಕೆಟ್ಟು ಬೇಕೆ? ಬಂದೇ ಇರುತ್ತದೆ. ಬಂದದ್ದು ಕಾಣುತ್ತಿಲ್ಲ, ಅಷ್ಟೆ. ಅದು ಕಾಣದ ಹಾಗೆ ಮಾಡಿದವಳು ತಾನೇ ಎಂಬ ಯೋಚನೆ ಅವಳ ಎದೆಯೊಳಗೆ ಅಡ್ಡಡ್ಡ ಸಿಕ್ಕಿಕೊಂಡಿತ್ತು.

ಹೋದ ವರ್ಷ ಇದೇ ಬಿಸಿಲಿನಲ್ಲಿ ಅವಳು ಇಲ್ಲಿಗೆ ಮೊದಲು ಬಂದಿದ್ದಳು. ಪರೇಲಿನ ಕಡೆಯ ಸಂಶೋಧನಾ ಸಂಸ್ಥೆಯಲ್ಲಿ ಕನ್ನಡ ಬಲ್ಲ ಡಾಕ್ಟರು ಅವಳೊಬ್ಬಳೇ. ಅದಕ್ಕೇ ಅವಳ ಮೇಲಧಿಕಾರಿ ಡಾಕ್ಟರ್ ಸಬನೀಸರು ಅವಳನ್ನು ಸಿಡುಬಿನ ಸಮೀಕ್ಷೆಗೆಂದು ಇಲ್ಲಿಗೆ ಕಳಿಸಿದ್ದರು. ಮೈಸೂರಿನ ಅಗ್ರಹಾರದ ಕನ್ನಡವೂ ವಿಜಾಪುರದ ಕಡೆಯಿಂದ ಬಂದು ಇಲ್ಲಿ ಜಲ್ಲಿಕಲ್ಲು ಒಡೆಯುವವರ ಕನ್ನಡವೂ ಒಂದೇ ಎಂದು ಅವರು ತಿಳಿದಿದ್ದರು. ಮೊದಲ ದಿನ ಅಲಮೇಲುವಿಗೆ ಅರ್ಧಕ್ಕರ್ಧ ಅರ್ಥವಾಗಿರಲಿಲ್ಲ, ಅವಳದ್ದು ಅವರಿಗೆ ಅಷ್ಟೂ ಆಗಿರಲಿಲ್ಲ. ಆದರೂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಧೂಳಿನಲ್ಲಿ ನಡೆದುಬಂದ ಡಾಕ್ಟರಮ್ಮ ಬಾಯಿ ಬಿಟ್ಟರೆ ಕನ್ನಡ ಬರುತ್ತದೆಂದು ಹೆಂಗಸರು ಬೆರಗಾಗಿ ಸುತ್ತ ನೆರೆದಿದ್ದರು.

ಒಂದು ಗುಡಿಸಲಿನೊಳಗೆ ಕಾಲಿಡಹೊರಟವಳ ತೋಳನ್ನು ಹಿಡಿದು ಹಿಂದಕ್ಕೆಳೆದವಳು ಸುಂದ್ರವ್ವ. ಐವತ್ತರ ಆಸುಪಾಸಿನ ಹೆಂಗಸು. ಸುತ್ತಿಗೆ ಹಿಡಿದು ಹಿಡಿದು ಅವಳ ಅಂಗೈ ದಡ್ಡುಗಟ್ಟಿತ್ತು. "ಒಳಗ ಹೋಗಬ್ಯಾಡ ತಂಗೀ. ಆ ಮನ್ಯಾಗ ತಾಯಿ ಬಂದಾಳ. ಬಾಗಲದಾಗ ಬೇವಿನ ತಪ್ಪಲ ಕಟ್ಟ್ಯಾರ, ಕಾಣಂಗಿಲ್ಲೇನು?" ಎಂದು ಗದರಿದ್ದಳು. ಆಮೇಲೆ ತನ್ನ ಗುಡಿಸಲ ಮುಂದೆ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟಳು. ಅಮ್ಮ ಬಂದ ಮನೆಗೆ ಬೇವು ಕಟ್ಟಿದರೆ ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ಒಳಗಿನವರು ಹೊರಗೆ ಸುಳಿಯುವ ಹಾಗಿಲ್ಲ. ಬಸುರಿಯರು, ಬಾಣಂತಿಯರು ಆ ಬಾಗಿಲ ಮುಂದೆಯೇ ಹಾಯಬಾರದು. ಆ ಮನೆಯ ಒಲೆಯಲ್ಲಿ ಅನ್ನ ಬೇಯಬಹುದು, ಬೇಳೆ ಬೇಯಬಹುದು, ಎಣ್ಣೆ ಮಾತ್ರ ಕಾಯಬಾರದು. "ಒಗ್ಗರಣಿ ಹಾಕಿದ್ರ ತಾಯಿ ಮೈ ಉರೀತದ. ಸಾಸಿವಿ ಒಂದೊಂದು ಸಿಡಿದಂಗ ಮೈಮ್ಯಾಲ ಒಂದೊಂದು ಏಳ್ತದ" ಎಂದು ಸುಂದ್ರವ್ವ ಕೈ ಮುಗಿದಿದ್ದಳು.

ಅಲಮೇಲು ಅದನ್ನೇ ಬರೆದಳು. ಇಷ್ಟೊಂದು ಜನ ಸಿಡುಬನ್ನು ಬಚ್ಚಿಡುತ್ತಾರೆಂದು ಗೋಳಾಡುವ ಸರ್ಕಾರಕ್ಕೆ ಅವಳ ಲೇಖನ ಹೇಳಿದ್ದು ಒಂದೇ ಮಾತು: ರೋಗ ಇರುವ ಮನೆಯನ್ನು ಮನೆಯವರೇ ಗುರುತು ಕಟ್ಟಿ ತೋರಿಸುತ್ತಿದ್ದಾರೆ, ನಾವು ನೋಡಲು ಕಲಿಯಬೇಕು. ಬೇವು ಕಟ್ಟಿದ ಬಾಗಿಲು ಎಷ್ಟು, ಅವುಗಳ ಹಿಂದೆ ನಿಜವಾಗಿ ಸಿಡುಬು ಇದ್ದದ್ದು ಎಷ್ಟು ಎಂದು ಕೋಷ್ಟಕ ಹಾಕಿ ತೋರಿಸಿದ್ದಳು. ಒಗ್ಗರಣೆಯ ಮಾತನ್ನು ಮಾತ್ರ ಬಿಟ್ಟಿದ್ದಳು. ಅಷ್ಟು ಗಂಡಸರು ಓದುವ ಪತ್ರಿಕೆಯಲ್ಲಿ ಒಬ್ಬ ಹೆಂಗಸು ಸಾಸಿವೆಯ ಮಾತು ಬರೆದರೆ, ಅಡುಗೆಮನೆ ಬಿಟ್ಟು ಬಂದಿಲ್ಲ ಎಂದಾರು ಎಂದು ನಾಚಿಕೆಯಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಲೇಖನ ಅಚ್ಚಾಯಿತು. ಪರದೇಶದಿಂದ ಯಾರೋ ಪ್ರತಿ ಕಳಿಸಿ ಎಂದು ಬರೆದರು. ಅವಳ ಗಂಡ ಶಾಮಣ್ಣ ಮುಲುಂಡಿನ ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಪೇಡೆ ಹಂಚಿದ. ಅತ್ತೆ ಅಮ್ಮಣ್ಣಿಯವರು ಇಂಗ್ಲಿಷ್ ಓದಲು ಬಾರದಿದ್ದರೂ ಪತ್ರಿಕೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು, ಸೊಸೆಯ ಹೆಸರು ಇದ್ದ ಜಾಗದಲ್ಲೇ. ಆ ದಿನಗಳಲ್ಲಿ ಅಲಮೇಲು ಲೋಕಲ್ಲಿನ ನೂಕುನುಗ್ಗಲಿನಲ್ಲೂ ನೆಲ ಮುಟ್ಟದೆ ನಡೆದಳು. ಸುಳ್ಳೇಕೆ, ಬಹಳ ಸಂತೋಷವಾಗಿತ್ತು ಅವಳಿಗೆ.

ಅದನ್ನು ಮುನಿಸಿಪಾಲಿಟಿಯವರೂ ಓದಿದರು. ಓದಿ ಸುಮ್ಮನಿರುವ ಜನರಲ್ಲ. ಬೇವು ಕಂಡಲ್ಲಿ ಸುದ್ದಿ ಮುಟ್ಟಿಸಬೇಕು, ರೋಗಿಯನ್ನು ಎತ್ತಿ ಸಾಂಕ್ರಾಮಿಕ ರೋಗದ ಆಸ್ಪತ್ರೆಗೆ ಸೇರಿಸಬೇಕು ಎಂದು ಲಸಿಕೆ ಹಾಕುವ ಸ್ಕ್ವಾಡುಗಳಿಗೆ ಆಜ್ಞೆಯಾಯಿತು. ಚಳಿಗಾಲದಲ್ಲಿ ಈ ಸಾಲಿಗೆ ವ್ಯಾನು ಬಂದು, ಬಾಗಿಲಲ್ಲಿ ಬೇವು ತೂಗುತ್ತಿದ್ದ ಗುಡಿಸಲಿನಿಂದ ಗುರಲಿಂಗಪ್ಪ ಎಂಬ ಕೂಲಿಯವನನ್ನು ಎತ್ತಿಕೊಂಡು ಹೋಯಿತು. ಅವನು ತಿರುಗಿ ಬರಲಿಲ್ಲ.

"ತಪ್ಪಲ ಯಾಕೆ ಕಟ್ಟಿಲ್ಲ ಸುಂದ್ರವ್ವ, ಈ ವರ್ಷ?" ಎಂದು ಅಲಮೇಲು ಈಗ ಕೇಳಿದಳು. ಇನ್‌ಸ್ಪೆಕ್ಟರು ಚಹಾ ಹುಡುಕಿಕೊಂಡು ಹೋಗಿದ್ದ. ಬಾಗಿಲ ಮುಂದೆ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದ ಸುಂದ್ರವ್ವ ಕೂರೆಂದು ಹೇಳಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಗುರಲಿಂಗಪ್ಪನ ಬಾಗಲಕ್ಕ ಕಟ್ಟಿದ್ದಿವಲ್ರೀ ಬಾಯಾರ" ಎಂದಳು. "ಅದನ್ನ ನೋಡಿಕೋತ ಬಂದ್ರು, ಒಯ್ದ್ರು. ಮಣ್ಣಿಗೂ ಕರೀಲಿಲ್ಲ ನಮ್ಮನ್ನ."

ಹೋದ ವರ್ಷ ಅವಳು ತಂಗೀ ಎಂದು ಕರೆಯುತ್ತಿದ್ದಳು. ಈಗ ಬಾಯಾರ. ಆ ಒಂದು ಮಾತು ಅಲಮೇಲುವನ್ನು ಅಂಗಳದಾಚೆ ನಿಲ್ಲಿಸಿಬಿಟ್ಟಿತು.

ಅಷ್ಟರಲ್ಲಿ ತುಂಬಿದ ಕೊಡ ಹೊತ್ತು ಸುಂದ್ರವ್ವನ ಮಗಳು ಭಾಗವ್ವ ಬಂದಳು. ಹೋದ ವರ್ಷ ಇವಳು ಊರಲ್ಲಿದ್ದಳು. ಈಗ ಚೊಚ್ಚಲ ಹೆರಿಗೆಗೆ ತಾಯಿಯ ಬಳಿ ಬಂದಿದ್ದಾಳೆ, ಗಂಡ ಭೀಮರಾಯ ಎಲ್ಲೋ ಸೇತುವೆಯ ಕೆಲಸದಲ್ಲಿದ್ದಾನೆ. ಏಳು ತಿಂಗಳ ಹೊಟ್ಟೆ. ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಾಗ ಅಲಮೇಲುವಿನ ಕಣ್ಣು ತಾನಾಗಿ ಹುಡುಗಿಯ ತೋಳಿಗೆ ಹೋಯಿತು. ಎರಡೂ ತೋಳು ನುಣ್ಣಗಿದ್ದವು. ಚಿಕ್ಕಂದಿನಲ್ಲಿ ಸಿಡುಬಿನ ಲಸಿಕೆ ಹಾಕಿಸಿದ್ದರೆ ಇರಬೇಕಾದ ಕಲೆ ಇರಲಿಲ್ಲ. ಇವಳಿಗೆ ಸೂಜಿ ಹಾಕಿಸಬೇಕು ಎಂದು ಅಲಮೇಲು ಮೆಲ್ಲಗೆ ಮಾತು ತೆಗೆದಳು. ಬಸುರಿ ಹೆಂಗಸಿಗೆ ಯಾರಾದರೂ ಚುಚ್ಚುತ್ತಾರೆಯೇ ಎಂದು ಸುಂದ್ರವ್ವ ಪಾತ್ರೆಯನ್ನು ಇನ್ನಷ್ಟು ಬಿರುಸಾಗಿ ತಿಕ್ಕಿದಳು. ಅದೂ ಸುಳ್ಳಲ್ಲ. ರೋಗ ಹತ್ತಿರ ಸುಳಿಯದಿದ್ದರೆ ಬಸುರಿಗೆ ಚುಚ್ಚಬಾರದು ಎಂದು ಪುಸ್ತಕವೂ ಹೇಳುತ್ತಿತ್ತು. ಹತ್ತಿರ ಸುಳಿದಿದೆಯೇ ಇಲ್ಲವೇ ಎಂದು ಹೇಳಲು ಬಾಗಿಲಲ್ಲಿ ಬೇವಿರಲಿಲ್ಲ.

ಅಂದು ದಾದರಿನಲ್ಲಿ ಗಾಡಿ ಬದಲಿಸಿ ಮುಲುಂಡು ತಲುಪಿ ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಸಾರಿನ ಒಗ್ಗರಣೆಯ ಘಮ ಇಳಿದುಬಂತು. ಇಂಗು, ಕರಿಬೇವು, ಸಾಸಿವೆ. ದಿನಾ ಬರುವ ಘಮವೇ. ದಿನಾ ಅದಕ್ಕೆ ಹಸಿವು ಕೆರಳುತ್ತಿತ್ತು, ಇಂದು ಕಾಲು ಅಲ್ಲೇ ನಿಂತಿತು. ಒಳಗೆ ಹೋದವಳೇ ಚೀಲವನ್ನೂ ಇಳಿಸದೆ, ಮನೆಯಲ್ಲಿ ಅಮ್ಮ ಆದಾಗ ನಿಮ್ಮ ಕಾಲದಲ್ಲೂ ಒಗ್ಗರಣೆ ಹಾಕುತ್ತಿರಲಿಲ್ಲವೇ ಎಂದು ಅತ್ತೆಯನ್ನು ಕೇಳಿದಳು. ಅಮ್ಮಣ್ಣಿಯವರು ಅವಳನ್ನು ವಿಚಿತ್ರವಾಗಿ ನೋಡಿ, ಕಾಲ ಯಾವುದಾದರೇನು ಎಂದರು. "ಬೀದೀಲಿ ಹೋಗೋರಿಗೆ ಗೊತ್ತಾಗ್ತಿತ್ತು ಕಣೇ. ಸಂಜೆ ಹೊತ್ತು ವಾಸನೆ ಇಲ್ದೆ ಇದ್ರೆ ಆ ಮನೇಲಿ ಅಮ್ಮ ಇದಾಳೆ ಅಂತ್ಲೇ."

ಬೇವನ್ನು ಬಿಚ್ಚಿಡಬಹುದು. ದೇವಿಗೆ ಅಂಜಿ ಬಿಟ್ಟ ಒಗ್ಗರಣೆಯನ್ನು ಯಾರಿಗೋ ಅಂಜಿ ಹಾಕಲಾರರು.

ಭಾನುವಾರ ಅವಳು ಒಬ್ಬಳೇ ಹೋದಳು. ಮನೆಯಲ್ಲಿ ಯಾರನ್ನೋ ನೋಡಿಬರುತ್ತೇನೆಂದು ಹೇಳಿದ್ದಳು. ಸಾಲಿನಲ್ಲಿ ಒಲೆಗಳು ಹತ್ತಿಕೊಂಡಿದ್ದವು, ತಗಡುಗಳ ಸಂದಿನಿಂದ ಹೊಗೆ ಏಳುತ್ತಿತ್ತು. ಕೆಲಸವಿಲ್ಲದವಳಂತೆ ನಿಧಾನವಾಗಿ ನಡೆದಳು. ಒಂದು ಮನೆಯಿಂದ ಬೆಳ್ಳುಳ್ಳಿ, ಇನ್ನೊಂದರಿಂದ ಕೆಂಪು ಮೆಣಸಿನ ಘಾಟು, ಮತ್ತೊಂದರಲ್ಲಿ ಸಾಸಿವೆ ಸಿಡಿಯುವ ಸದ್ದು. ವೈದ್ಯಕೀಯ ಓದಿದ್ದೇನು, ಪತ್ರಿಕೆಯಲ್ಲಿ ಹೆಸರು ಬಂದದ್ದೇನು, ಈಗ ಬಾಗಿಲು ಬಾಗಿಲಿಗೂ ನಿಂತು ಮೂಗು ಏರಿಸುವ ಗತಿ ಬಂತಲ್ಲ ಎಂದು ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೂ ನಿಂತಳು. ಚಿಕ್ಕ ಮಗನೊಡನೆ ಇರುತ್ತಿದ್ದ ರುಕ್ಮಿಣಿಬಾಯಿ ಎಂಬವಳ ಗುಡಿಸಲ ಮುಂದೆ ಒಲೆಯ ಬೆಳಕು ಕಾಣುತ್ತಿತ್ತು, ಅನ್ನ ಬೇಯುವ ವಾಸನೆ ಬರುತ್ತಿತ್ತು, ಬೇರೇನೂ ಇರಲಿಲ್ಲ. ಸುತ್ತಿನ ಮನೆಗಳೆಲ್ಲ ಉಂಡು ಮುಗಿಸುವವರೆಗೂ ಗಣಿಯ ಅಂಚಿನಲ್ಲಿ ಕಾದಳು. ಆ ಒಲೆ ಆರಿತು, ಎಣ್ಣೆ ಕಾಯಲೇ ಇಲ್ಲ. ಒಂದು ಸಂಜೆ ಎಣ್ಣೆ ತೀರಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ಹೋದಳು.

ಮರುದಿನ ಸಂಜೆ ಕಚೇರಿಯಿಂದ ನೇರವಾಗಿ ಮತ್ತೆ ಅಲ್ಲಿಗೆ ಬಂದಳು. ಅಂದೂ ಆ ಮನೆಯಲ್ಲಿ ಒಗ್ಗರಣೆ ಇರಲಿಲ್ಲ. ಅವಳು ನೋಡುತ್ತಿದ್ದಂತೆ ಆ ಬಾಗಿಲ ಗೋಣಿತಟ್ಟು ಸರಿಸಿ, ತಗಡಿನ ತುಂಡಿನ ಮೇಲೆ ಕೆಂಡ ಇಟ್ಟುಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು ಹೊರಗೆ ಬಂದವಳು ಭಾಗವ್ವ.

ಅಲಮೇಲು ಅವಳತ್ತ ಓಡಿದಳು. ಅವಳನ್ನು ಪಕ್ಕಕ್ಕೆ ಕರೆದು ಆ ಮನೆಗೆ ಯಾಕೆ ಹೋಗಿದ್ದೆ ಎಂದಳು. ಬೆಂಕಿ ತರಲು, ದಿನಾ ಹೋಗುತ್ತೇನೆ, ಅವರ ಒಲೆ ಮೊದಲು ಹತ್ತುತ್ತದೆ ಎಂದು ಹುಡುಗಿ ನಕ್ಕಳು. ಅವರ ಮಗ ಎಲ್ಲಿ, ಆಡುವುದು ಕಾಣಲಿಲ್ಲವಲ್ಲ ಎಂದು ಕೇಳಿದ್ದಕ್ಕೆ, ಮೂರು ದಿನದಿಂದ ಒಳಗೆ ಹೊದ್ದು ಮಲಗಿದ್ದಾನೆ, ಮೈ ಬೆಚ್ಚಗಿದೆಯಂತೆ ಎಂದಳು.

ಆಗ ಅಲಮೇಲುವಿಗೆ ತಡೆಯಲಾಗಲಿಲ್ಲ. "ಆ ಮನೇಲಿ ಅಮ್ಮ ಬಂದಿದಾಳೆ ಕಣೇ. ಒಲೆ ಹತ್ತಿದೆ, ಅನ್ನ ಆಗಿದೆ, ಎರಡು ದಿನದಿಂದ ಒಗ್ಗರಣೆ ಇಲ್ಲ. ನಿನಗೆ ಮೂಗಿಲ್ವ?"

ಭಾಗವ್ವ ಕೈಯಲ್ಲಿದ್ದ ಕೆಂಡದ ತಗಡನ್ನೇ ನೋಡುತ್ತ ನಿಂತಳು. ಆಮೇಲೆ ಬಹಳ ಮೆಲ್ಲಗೆ, "ಬಾಗಲಕ್ಕ ತಪ್ಪಲ ಇದ್ದಿಲ್ಲಲ್ರೀ ಅಕ್ಕಾರ" ಎಂದಳು. "ಇದ್ದಿದ್ರ ನಾ ಆ ಕಡಿಗೇ ಹೋಗತಿದ್ದಿಲ್ಲ."

ನಾಳೆ ಸೂಜಿ ತರುತ್ತೇನೆ, ಈ ಒಂದೆರಡು ದಿನದಲ್ಲಿ ಹಾಕಿಸಿಕೊಂಡರೆ ಬಂದರೂ ಹಗುರವಾಗಿ ಹೋಗುತ್ತದೆ, ತಾಯಿಗೆ ನೀನೇ ಹೇಳಿ ಒಪ್ಪಿಸು ಎಂದು ಅಲಮೇಲು ಅವಳ ಕೈ ಹಿಡಿದು ಬೇಡಿಕೊಂಡಳು. ಹುಡುಗಿ ಹೂಂ ಅಂದಳೋ ಇಲ್ಲವೋ, ಹೋದಳು. ದಾರಿಯಲ್ಲೇ ಕೆಂಡವನ್ನು ನೆಲಕ್ಕೆ ಸುರಿದು ಕಾಲಿಂದ ಮಣ್ಣು ಎಳೆದು ಮುಚ್ಚಿದ್ದು ಅಲಮೇಲುವಿಗೆ ಕಾಣಿಸಿತು.

ಬೆಳಗ್ಗೆ ಸಬನೀಸರ ಕೋಣೆಯಲ್ಲಿ ಅವಳು ಬೇಕೆಂದದ್ದು ಲಸಿಕೆಯ ಒಂದು ಬುಡ್ಡಿ ಮಾತ್ರ. ಯಾರಿಗೆ ಎಂದು ಅವರು ಕೇಳಿದರು. ಬಸುರಿ ಹೆಂಗಸಿಗೆ ಎಂದರೆ ರೋಗದ ಸೋಂಕು ತಾಗಿದೆಯೇ ಎಂದು ಕೇಳಲೇಬೇಕು, ತಾಗಿದೆ ಎಂದರೆ ಎಲ್ಲಿಂದ ಎಂದು ಕೇಳಲೇಬೇಕು. ಒಂದೊಂದೇ ಪ್ರಶ್ನೆಗೆ ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದು ಕೊನೆಗೆ ಗೋಡೆಗೆ ತಾಗಿದಳು. ರುಕ್ಮಿಣಿಬಾಯಿಯ ಗುಡಿಸಲು ಎಂದಳು. ಬೇವಿಲ್ಲದೆ ಹೇಗೆ ತಿಳಿಯಿತು ಎಂದದ್ದಕ್ಕೆ ಒಗ್ಗರಣೆಯ ಮಾತನ್ನೂ ಹೇಳಿದಳು. ಸಬನೀಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮಗುವಿನಂತೆ ಕಣ್ಣರಳಿಸಿದರು. ಇದು ನಿಮ್ಮ ಎರಡನೆಯ ಲೇಖನ, ಇವತ್ತೇ ಬರೆಯಲು ಕೂತುಕೊಳ್ಳಿ ಎಂದರು.

ಲೇಖನ ಬೇಡ ಎಂದಳು ಅಲಮೇಲು. ವ್ಯಾನೂ ಬೇಡ. ಮಗುವನ್ನು ಮನೆಯಲ್ಲೇ ಬಿಟ್ಟು, ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಿ, ಸುತ್ತಿನವರಿಗೆಲ್ಲ ಲಸಿಕೆ ಹಾಕೋಣ. ಬೇವು ಕಟ್ಟಿದವರ ಮನೆಗೆ ಯಾರೂ ಕೈ ಹಾಕುವುದಿಲ್ಲ ಎಂದು ಒಂದು ಮಾತು ಕೊಡೋಣ. ಬೇವು ಮತ್ತೆ ಬಾಗಿಲಿಗೆ ಬಂದರೆ ಅರ್ಧ ಕಾವಲು ಅದೇ ಮಾಡುತ್ತದೆ, ನೂರಾರು ವರ್ಷ ಅದನ್ನೇ ಮಾಡುತ್ತಿತ್ತು.

ಸಬನೀಸರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಜಗಳವಾಡಲು ಸುಲಭವಾಗುತ್ತಿತ್ತು. ಅವರು ಎದ್ದು ಹೋಗಿ ತಾವೇ ಒಂದು ಲೋಟ ನೀರು ತಂದು ಅವಳ ಮುಂದಿಟ್ಟರು. "ಮನೆ ಯಾವುದೆಂದು ಹೇಳುತ್ತೀರಿ, ಆಮೇಲೆ ಏನೂ ಮಾಡಬೇಡಿ ಅನ್ನುತ್ತೀರಿ" ಎಂದರು. "ನಾನು ಕೈಕಟ್ಟಿ ಕೂತು, ಆ ಗಣಿಯ ಮಕ್ಕಳೆಲ್ಲ ಮಲಗಿದರೆ ನೀವು ನನ್ನನ್ನು ಕ್ಷಮಿಸುತ್ತೀರಾ ಅಲಮೇಲು?"

ನಿಯಮ ಮಾಡುವ ಅಧಿಕಾರ ಅವಳಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ ಅವರಿಗೂ ಇರಲಿಲ್ಲ. ಅವರು ಫೋನು ಎತ್ತಿಕೊಂಡರು.

ಮಧ್ಯಾಹ್ನ ವ್ಯಾನು ಗಣಿಯ ದಾರಿಯಲ್ಲಿ ಧೂಳೆಬ್ಬಿಸುತ್ತ ಬಂದಾಗ ಅಲಮೇಲು ಲಸಿಕೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಕೂತಿದ್ದಳು. ರುಕ್ಮಿಣಿಬಾಯಿಯ ಮಗನ ಮುಖ ಗುರುತು ಸಿಗದ ಹಾಗೆ ತುಂಬಿಕೊಂಡಿತ್ತು. ತಾಯಿ ಮಗನನ್ನು ಬಿಗಿಯಾಗಿ ತಬ್ಬಿಕೊಂಡಿದ್ದಳು, ಬಿಡಿಸಲಾಗದೆ ಇಬ್ಬರನ್ನೂ ಒಟ್ಟಿಗೇ ಹತ್ತಿಸಿದರು. ಅವಳು ಅಳಲಿಲ್ಲ, ಅಲಮೇಲುವನ್ನು ಬೈಯಲೂ ಇಲ್ಲ. ಹೆಂಗಸರು ತಮ್ಮ ತಮ್ಮ ಬಾಗಿಲುಗಳಲ್ಲಿ ನಿಂತು ನೋಡಿದರು. ಅವರ ಕಣ್ಣು ವ್ಯಾನಿನ ಮೇಲಿರಲಿಲ್ಲ, ರುಕ್ಮಿಣಿಬಾಯಿಯ ಬರಿದಾದ ಬಾಗಿಲ ಮೇಲಿತ್ತು. ಬೇವೇ ಇಲ್ಲದ ಬಾಗಿಲನ್ನು ಇವರು ಹೇಗೆ ಹಿಡಿದರು ಎಂದು ಪ್ರತಿಯೊಬ್ಬರೂ ಯೋಚಿಸುತ್ತಿದ್ದರು. ಉತ್ತರ ಗೊತ್ತಿದ್ದವಳು ಭಾಗವ್ವ ಒಬ್ಬಳೇ. ಹಿಂದಿನ ಸಂಜೆ ಅಲಮೇಲುವೇ ಅವಳಿಗೆ ಹೇಳಿದ್ದಳು.

ಅಲಮೇಲು ಸುಂದ್ರವ್ವನ ಗುಡಿಸಲಿಗೆ ಹೋದಾಗ ಭಾಗವ್ವ ಇರಲಿಲ್ಲ. "ಊರಿಗಿ ಕಳಿಸೀನಿ" ಎಂದಳು ಸುಂದ್ರವ್ವ. ಏಳು ತಿಂಗಳ ಬಸುರಿಯನ್ನು ಒಂದು ಬೆಳಗಿನಲ್ಲಿ ಯಾರು ವಿಜಾಪುರಕ್ಕೆ ಕಳಿಸುತ್ತಾರೆ? ಆದರೆ ಬಾಗಿಲಿಗೆ ಅಡ್ಡ ನಿಂತ ಆ ಹೆಂಗಸನ್ನು ತಳ್ಳಿ ಒಳಗೆ ಹೋಗಲು ಅಲಮೇಲುವಿಂದ ಆಗಲಿಲ್ಲ. ಸೂಜಿ ಚುಚ್ಚಿ ಹೋಗಿಬಿಡುತ್ತೇನೆ, ವ್ಯಾನು ಹತ್ತಿಸುವುದಿಲ್ಲ, ನನ್ನ ಮಕ್ಕಳಾಣೆ ಎಂದಳು. ಅವಳಿಗೆ ಮಕ್ಕಳಿರಲಿಲ್ಲ. ಅದು ಸುಂದ್ರವ್ವನಿಗೂ ಗೊತ್ತಿತ್ತು. ಸ್ಕ್ವಾಡಿನವರು ಸಿಕ್ಕವರಿಗೆಲ್ಲ ಚುಚ್ಚಿದರು, ಸಿಗದವರು ಗಣಿಯೊಳಗಿನ ಕಲ್ಲುರಾಶಿಗಳ ಹಿಂದೆ ಹೋಗಿ ಕೂತಿದ್ದರು.

ಆಮೇಲಿನ ದಿನಗಳಲ್ಲಿ ಅಲಮೇಲು ಕಚೇರಿಯಲ್ಲಿ ಬಿಳಿ ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಸಬನೀಸರು ಹಾದುಹೋಗುವಾಗ ಎಷ್ಟು ಬರೆದಾಯಿತು ಎಂದು ಕೇಳುತ್ತಿದ್ದರು. ಒಂದು ಸಾಲೂ ಆಗಿರಲಿಲ್ಲ. ಮನೆಯಲ್ಲಿ ಅತ್ತೆ ಒಗ್ಗರಣೆ ಹಾಕುವ ಹೊತ್ತಿಗೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ಶಾಮಣ್ಣ ಅವಳ ಪಕ್ಕ ಬಂದು ನಿಂತು, ನೀನು ಬೇಕೆಂದು ಮಾಡಿದ್ದಲ್ಲ ಎಂದು ಒಂದು ಸಾರಿ ಹೇಳಿದ. ಒಳ್ಳೆಯ ಮಾತೇ, ಆದರೆ ಭಾಗವ್ವನ ತೋಳಿನ ಮೇಲೆ ಅದರಿಂದ ಕಲೆ ಮೂಡುವುದಿಲ್ಲವಲ್ಲ.

ಎರಡು ವಾರ ಕಳೆದ ಮೇಲೆ ಆಸ್ಪತ್ರೆಯಿಂದ ಸುದ್ದಿ ಬಂತು. ರುಕ್ಮಿಣಿಬಾಯಿಯ ಮಗ ಬದುಕಿಕೊಂಡಿದ್ದ. ಮುಖದ ತುಂಬ ಕಲೆ ಉಳಿಯುತ್ತವೆ, ಕಣ್ಣಿಗೆ ಏನೂ ಆಗಿಲ್ಲ, ಹಕ್ಕಳೆ ಉದುರಿದ ಕೂಡಲೇ ಮನೆಗೆ ಕಳಿಸುತ್ತೇವೆ ಎಂದರು. ಅಲಮೇಲುವಿಗೆ ಹೋದ ಜೀವ ಬಂದ ಹಾಗಾಯಿತು. ಅಂದೇ ಸಂಜೆ ಜೋಗೇಶ್ವರಿಯಲ್ಲಿ ಇಳಿದು ಓಡುನಡಿಗೆಯಲ್ಲಿ ಗಣಿಯ ದಾರಿ ಹಿಡಿದಳು. ಹೋದವರೆಲ್ಲ ಗುರಲಿಂಗಪ್ಪನ ಹಾಗೆ ಆಗುವುದಿಲ್ಲ, ಇಗೋ ಒಬ್ಬ ಬಂದ ಎಂದು ಹೇಳಿದರೆ ಸುಂದ್ರವ್ವ ನಂಬಬಹುದು. ನಂಬಿದರೆ ಭಾಗವ್ವನನ್ನು ತೋರಿಸಬಹುದು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಳು.

ಸಾಲಿಗೆ ಕಾಲಿಡುವ ಮೊದಲೇ ವಾಸನೆ ಎದುರಿಗೆ ಬಂತು. ಪ್ರತಿ ಗುಡಿಸಲಿನಲ್ಲೂ ಎಣ್ಣೆ ಕಾಯುತ್ತಿತ್ತು. ಅವಳನ್ನು ಕಂಡ ಮುದುಕಿಯೊಬ್ಬಳು ಒಳಗೆ ತಿರುಗಿ ಏನೋ ಅಂದಳು. ಒಡನೆ ಆ ಮನೆಯಲ್ಲೂ, ಅದರ ಪಕ್ಕದ ಮನೆಯಲ್ಲೂ ಚಟಚಟ ಶುರುವಾಯಿತು. ಖಾರದ ಘಾಟಿಗೆ ಕಣ್ಣಲ್ಲಿ ನೀರು ಬಂತು. ಒಂದು ಮನೆಯೂ ಬಿಟ್ಟಿರಲಿಲ್ಲ. ಯಾವ ಮನೆಯಲ್ಲಿ ಏನಿದೆಯೋ ಇನ್ನು ಲೋಕದ ಯಾವ ಡಾಕ್ಟರಿಗೂ ತಿಳಿಯುವ ಹಾಗಿರಲಿಲ್ಲ.

ಸುಂದ್ರವ್ವ ಬಾಗಿಲಲ್ಲೇ ಇದ್ದಳು. ಈ ಸಲ ಅಡ್ಡ ನಿಲ್ಲಲಿಲ್ಲ, "ಬರ್ರಿ ಬಾಯಾರ, ಒಳಗ ಬರ್ರಿ" ಎಂದು ತಾನೇ ಕರೆದಳು. ಆ ಕರೆಗೇ ಅಲಮೇಲುವಿಗೆ ಭಯವಾಯಿತು. ಒಳಗೆ ಒಂದು ಕಡೆ ಒಲೆ, ಅದರಾಚೆ ಹಳೆಯ ಸೀರೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟು ಮರೆ ಮಾಡಿತ್ತು. ಅಲಮೇಲು ನೆಲದ ಮೇಲೆ ಕೂತು ರುಕ್ಮಿಣಿಬಾಯಿಯ ಮಗನ ಸುದ್ದಿ ಹೇಳಿದಳು. ಜೋಡಿಸಿಕೊಂಡಿದ್ದ ಮಾತೆಲ್ಲ ಹಿಂದುಮುಂದಾಗಿ ಬಂದವು. ಸುಂದ್ರವ್ವ ಛಲೋ ಆತು ಬಿಡ್ರಿ ಎಂದಳು. ಅವಳ ಮುಖ ಒಲೆಯ ಕಡೆಗಿತ್ತು. ಬೇಳೆ ಬೆಂದು ಕೆಳಗಿಳಿದಿತ್ತು, ಒಲೆಯ ಮೇಲೆ ಸಣ್ಣ ಬಾಣಲಿ ಖಾಲಿ ಇತ್ತು.

ಅವಳು ಎಣ್ಣೆ ಸುರಿದಳು. ಸಾಸಿವೆಯ ಡಬ್ಬಿಯ ಮುಚ್ಚಳ ತೆಗೆದು, ಒಂದು ಗಳಿಗೆ ಹಾಗೇ ಹಿಡಿದು ಕೂತಳು. ಆಮೇಲೆ ಸೀರೆಯ ಮರೆಯ ಕಡೆ ತಿರುಗಿ, ಅಲಮೇಲು ಇರುವುದನ್ನೇ ಮರೆತವಳಂತೆ ಎರಡೂ ಕೈ ಹಣೆಗೆ ಹಚ್ಚಿ ಏನೋ ಬಾಯಲ್ಲೇ ಬೇಡಿಕೊಂಡಳು. ಅವಳ ತುರುಬಿನಲ್ಲಿ ಒಂದು ಬೇವಿನ ಎಲೆ ಸಿಕ್ಕಿಕೊಂಡಿತ್ತು. ಅಲಮೇಲು ಅದನ್ನು ನೋಡಿದಳು. ತಿರುಗಿದ ಸುಂದ್ರವ್ವ, ಅವಳು ನೋಡಿದ್ದನ್ನು ನೋಡಿದಳು.

"ಸುಂದ್ರವ್ವ, ಬೇಡ" ಎಂದಳು ಅಲಮೇಲು. ಒಗ್ಗರಣೆ ಬೇಡವೆಂದಳೋ ಇನ್ನೇನು ಬೇಡವೆಂದಳೋ ಅವಳಿಗೇ ಗೊತ್ತಾಗಲಿಲ್ಲ. "ನಾನು ಯಾರಿಗೂ ಹೇಳೋದಿಲ್ಲ."

"ಹೇಳಾಕ ಏನದರೀ ಬಾಯಾರ? ಊಟ ಮಾಡಿ ಹೋಗ್ರಿ" ಎಂದು ಸುಂದ್ರವ್ವ ಸಾಸಿವೆ ಹಾಕಿದಳು.

ಎಣ್ಣೆ ಹೊಗೆಯಾಡಿತು. ಮೊದಲ ಕಾಳು ಸಿಡಿಯಿತು, ಆಮೇಲೆ ಎಲ್ಲವೂ. ಘಾಟು ತಗ್ಗಿನ ಸೂರಿಗೆ ತಾಗಿ ಹರಡಿ ಸೀರೆಯ ಮರೆಯ ಹಿಂದಕ್ಕೂ ಇಳಿಯಿತು. ಅಲ್ಲಿಂದ ಯಾರೋ ಕೆಮ್ಮಿದರು. ಬಾಯಿಗೆ ಬಟ್ಟೆ ಒತ್ತಿಕೊಂಡ ಕೆಮ್ಮು. ತಡೆದು ತಡೆದು ಆಗದೆ ಮತ್ತೆ ಬಂತು, ಅದರ ಕೊನೆಗೆ ಸಣ್ಣದೊಂದು ನರಳಿಕೆ. ಅಲಮೇಲುವಿನ ಚೀಲದಲ್ಲಿ ಲಸಿಕೆಯ ಬುಡ್ಡಿ ಇತ್ತು. ಅದನ್ನು ಚುಚ್ಚುವ ಕಾಲ ಮೀರಿತ್ತು ಎಂದು ಆ ದನಿ ಕೇಳಿದ ಡಾಕ್ಟರಿಗೆ ತಿಳಿಯಿತು. ಎದ್ದು ಆ ಸೀರೆಯನ್ನು ಸರಿಸಬೇಕು ಎನ್ನಿಸಿತು. ಸರಿಸಿದರೆ ಕಂಡದ್ದನ್ನು ಹೇಳಬೇಕು, ಹೇಳಿದರೆ ವ್ಯಾನು ಬರಬೇಕು. ಸರಿಸದಿದ್ದರೆ ನಾಳೆ ಇನ್ನೊಂದು ಬಸುರಿ ಬೆಂಕಿಗೆಂದು ಈ ಬಾಗಿಲಿಗೆ ಬಂದಾಳು. ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೇ ಇದ್ದಳು.

ಸುಂದ್ರವ್ವ ಡಬ್ಬಿಗೆ ಕೈ ಹಾಕಿ ಇನ್ನೊಂದು ಮುಷ್ಟಿ ಸಾಸಿವೆ ಬಾಣಲಿಗೆ ಎಸೆದಳು. ಕೆಮ್ಮು ಮತ್ತೆ ಬಂದಾಗ ಮತ್ತೊಂದು ಮುಷ್ಟಿ ಎಸೆದಳು. ಅವಳ ಕಣ್ಣುಗಳಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಾಸಿವೆ ಸಿಡಿಸಿಡಿದು ಬಾಣಲಿಯಿಂದ ಹೊರಗೆ ಹಾರಿ, ಸಾರಿಸಿದ ನೆಲದ ಮೇಲೆ, ಅಲಮೇಲುವಿನ ಸೀರೆಯ ನೆರಿಗೆಯಲ್ಲಿ, ಅವಳ ಬರಿಗಾಲಿನ ಸುತ್ತ ಕರ್ರಗೆ ಬೀಳತೊಡಗಿತು.